ಚೀನಾದ ಲಿನ್‌ಗೆ ಒಂದು ಅಟ್ಟೆ ಮಲ್ಲಿಗೆ

ಶಂಕರಪುರ,
19-4-2006, ಬುಧವಾರ

ಪ್ರೀತಿಯ ಭವ್ಯಶ್ರೀಯ ಪಪ್ಪನಿಗೆ,

ನಾವೆಲ್ಲ ಇಲ್ಲಿ ಕೃಷ್ಣದೇವರ ದಯೆಯಿಂದ ಸೌಖ್ಯವಾಗಿದ್ದೇವೆ. ನಿಮ್ಮ ಮೊಣಕಾಲು ಈಗ ಹೇಗುಂಟು? ಬೆಳಗಿನಿಂದ ಕಾವಲಿಯ ಮುಂದೆ ನಿಂತು ದೋಸೆ ಎರೆಯುವವರ ಕಾಲು, ನೋಯದೆ ಇರುತ್ತದಾ? ಗುವಾಂಗ್‌ಝೌನಲ್ಲಿ ಈ ತಿಂಗಳು ಗೋಡೆಯೇ ಬೆವರುತ್ತದೆ, ಒಗೆದ ಬಟ್ಟೆ ಒಣಗುವುದಿಲ್ಲ ಎಂದು ಬರೆದಿದ್ದೀರಿ. ಒದ್ದೆ ಬನಿಯನ್ ಹಾಕಿಕೊಂಡು ಮಲಗಬೇಡಿ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಮೊಣಕಾಲಿಗೆ ತಿಕ್ಕಿಕೊಳ್ಳಿ. ಅಲ್ಲಿ ಕರ್ಪೂರ ಸಿಗದಿದ್ದರೆ ಹೇಳಿ, ಬರುವವರ ಕೈಯಲ್ಲಿ ಕಳುಹಿಸುತ್ತೇನೆ. ಬಿಸುವಿನ ದಿನ, ಹೊಸ ವರ್ಷವೆಂದು, ದೇವರ ಮುಂದೆ ಹಣ್ಣು, ಕನ್ನಡಿ ಜೋಡಿಸಿ ಕಣಿ ಇಟ್ಟೆವು, ಕನ್ನಡಿಯಲ್ಲಿ ಮುಖ ನೋಡುವಾಗ ನಿಮ್ಮ ನೆನಪಾಯಿತು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀವು ಅಲ್ಲಿಂದ ಕೂಗುವುದು, ನಾನು ಇಲ್ಲಿಂದ ಕೂಗುವುದು, ಅರ್ಧ ಮಾತು ಗಾಳಿಗೆ ಹೋಗುತ್ತದೆ. ಈ ಸಲ ಹೇಳಲಿಕ್ಕೆ ತುಂಬಾ ಉಂಟು. ನಮ್ಮ ಹೂವಿನ ಕೆಲಸಕ್ಕೆ ಬರುವ ಹುಲಿಗೆವ್ವನ ಮಗಳು ಮಹಾಲಕ್ಷ್ಮಿ ಅಮ್ಮನ ಹತ್ತಿರ ಉಳಿಯುತ್ತಾಳಾ, ಅಜ್ಜಿಯ ಜೊತೆ ವಾಪಸು ಹೋಗುತ್ತಾಳಾ ಎನ್ನುವ ವಿಷಯ ಈಗ ನೀವು ಕಳುಹಿಸಿದ ಕಥೆಯ ಮೇಲೆ ನಿಂತಿದೆ. ಗಾಬರಿಯಾಗಬೇಡಿ, ಮೊದಲಿನಿಂದ ಹೇಳುತ್ತೇನೆ.

ನೀವು ಚೌತಿ ಕಳೆದ ಮೇಲೆ ಬರೆದ ಪತ್ರದಲ್ಲಿ, ನಿಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರುವ ಚೀನಾದ ಹುಡುಗಿ ಷಾವ್ ಒಂದು ದಪ್ಪ ಪುಸ್ತಕ ಓದುತ್ತಾಳೆ, ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಹರಕು ಹಿಂದಿಯಲ್ಲಿ ಅದನ್ನು ನಿಮಗೆ ಹೇಳುತ್ತಾಳೆ ಎಂದು ಬರೆದಿದ್ದಿರಿ. ಅಲ್ಲಿಂದ ಒಂದೊಂದು ಪತ್ರಕ್ಕೆ ಒಂದೊಂದು ಅಧ್ಯಾಯ. ಬೆಟ್ಟದ ಮೇಲೆ ಮಳೆ, ಗಾಳಿ ಅಳೆಯುವ ಕಚೇರಿ. ಅಲ್ಲಿ ಕೆಲಸ ಮಾಡುವ ಲಿನ್ ಎಂಬ ಹೆಂಗಸು, ಅವಳ ಜೊತೆಗೊಬ್ಬ ಹಿರಿಯ ಕೆಲಸಗಾರ. ಒಂದು ಗುಡುಗಿನ ಸಂಜೆ ಚಕ್ಕೋತದಷ್ಟು ದೊಡ್ಡ ಬೆಳಕಿನ ಉಂಡೆ ಮುಚ್ಚಿದ ಕಿಟಕಿಯ ಗಾಜಿನ ಮೂಲಕವೇ ಒಳಗೆ ಬಂದು, ಸದ್ದಿಲ್ಲದೆ ತೇಲಿ, ಅವಳನ್ನು ಬಿಟ್ಟು ಅವನನ್ನು ಮುಟ್ಟುತ್ತದೆ. ಅವನು ಸತ್ತ, ಇವಳು ಉಳಿದಳು. ಬೆಟ್ಟದ ಕೆಳಗಿನ ಊರಿನವರು ಇಬ್ಬರು ಹತ್ತಿದವರಲ್ಲಿ ಒಬ್ಬಳೇ ಇಳಿದದ್ದು ಹೇಗೆ ಎಂದು ಕೇಳುತ್ತಾರೆ. ಆ ಉಂಡೆ ಏನು ಎಂದು ತಿಳಿಯಲು ಅವಳು ಪ್ರತಿ ವರ್ಷ ಗುಡುಗಿನ ಕಾಲಕ್ಕೆ ಯಂತ್ರಗಳನ್ನು ಹೊತ್ತುಕೊಂಡು ಬೆಟ್ಟ ಹತ್ತುತ್ತಾಳೆ. ದಿನವಿಡೀ ಒಲೆಯ ಮುಂದೆ ಬೆಂದ ಕೈಯಲ್ಲಿ ಅದನ್ನೆಲ್ಲ ನೀವು ಬರೆದು ಕಳುಹಿಸಿದಿರಲ್ಲ, ಅದಕ್ಕೆ ನಾನು ಹೇಗೆ ಉಪಕಾರ ತೀರಿಸಲಿ?

ನಿಮ್ಮ ಪತ್ರವನ್ನು ನಾನು ಒಬ್ಬಳೇ ಓದಿಕೊಂಡದ್ದಲ್ಲ. ಬೆಳಿಗ್ಗೆ ಮೊಗ್ಗು ಕೊಯ್ದು ತಂದು ಜಗಲಿಯಲ್ಲಿ ರಾಶಿ ಹಾಕಿ ಕೂತರೆ ಹೂವಿನ ಗಾಡಿ ಬರುವವರೆಗೆ ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವುಂಟು. ನಾನು ಓದುವುದು, ಉಳಿದವರು ಬಾಳೆನಾರಿನಲ್ಲಿ ಕಟ್ಟುವುದು ಎಂದಾಯಿತು. ಆಚೆಮನೆಯ ಬರ್ತಾ ಬಾಯಿಗೆ ಮೊದಲು ಸಿಟ್ಟು. “ಓದುವವಳ ಹೂವಿನ ಚೆಂಡನ್ನು ಕಟ್ಟುವ ಕೆಲಸವೂ ನಮ್ಮದಾ? ಒಳ್ಳೆ ಉಪಾಯ ಮಾಡಿದಿ ಮಾರಾಯ್ತಿ” ಎಂದಳು. ಎರಡನೇ ಪತ್ರ ಬರುವಾಗ ಅವಳೇ ಪೋಸ್ಟಿನವನನ್ನು ಗೇಟಿನಲ್ಲಿ ನಿಲ್ಲಿಸಿ ಕೇಳಲಿಕ್ಕೆ ಸುರು ಮಾಡಿದ್ದಳು. ನೀವು ನಡುನಡುವೆ ಚಟ್ನಿ ಹುಳಿಯಾದದ್ದು, ಮಾಲಕ ಬೈದದ್ದು ಎಲ್ಲ ಬರೆಯುತ್ತೀರಲ್ಲ, ಆಗ ಅವಳಿಗೆ ತಾಳ್ಮೆ ಇರುವುದಿಲ್ಲ. “ಏ ಸುಗಂಧಿ, ನಿನ್ನ ಗಂಡನ ಚಟ್ನಿ ಅಲ್ಲೇ ಇರಲಿ, ನೀನು ಬೆಟ್ಟಕ್ಕೆ ಹೋಗು” ಎನ್ನುತ್ತಾಳೆ.

ಹುಲಿಗೆವ್ವನನ್ನು ನೀವು ನೋಡಿಲ್ಲ. ಕೊಪ್ಪಳದ ಕಡೆಯವಳು, ಮಲ್ಲಿಗೆ ಗಿಡದ ಬುಡಕ್ಕೆ ಕೆಂಪು ಮಣ್ಣು ಹಾಕಲು ಬಂದವಳು. ಕೈ ಚುರುಕು ನೋಡಿ ಹೂ ಕಟ್ಟಲಿಕ್ಕೂ ಇರು ಎಂದೆ. ಗಂಡ ತೀರಿಕೊಂಡಿದ್ದಾನೆ, ಒಬ್ಬಳು ಮಗಳು ಊರಿನಲ್ಲಿ ಅತ್ತೆಯ ಹತ್ತಿರ ಇದ್ದಾಳೆ ಎಂಬಷ್ಟೇ ನಮಗೆ ಗೊತ್ತಿದ್ದದ್ದು. ಮಾತೇ ಇಲ್ಲ. ಕಥೆಯಲ್ಲಿ ಲಿನ್ ಬೆಟ್ಟದ ಕಚೇರಿಯಲ್ಲಿ ಅನ್ನ ಮಾಡಿಕೊಳ್ಳುವ ಕಡೆ ಮಾತ್ರ ಒಮ್ಮೆ ತಲೆ ಎತ್ತಿ, “ಆಕಿಗಿ ಮಕ್ಕಳಿಲ್ಲೇನ್ರಿ ಅಕ್ಕಾರ?” ಎಂದು ಕೇಳಿದ್ದಳು. ಉಂಡೆ ಕಿಟಕಿಯಿಂದ ಒಳಗೆ ಬರುವ ಅಧ್ಯಾಯ ಓದಿದ ದಿನ ಅವಳ ಕೈ ನಿಂತುಹೋಯಿತು. ನಾರು ಬೆರಳಿನಲ್ಲೇ ಉಳಿಯಿತು. ಬರ್ತಾ ಬಾಯಿ, “ಎಂತ ನಿದ್ರೆ ಬಂತಾ? ಗಾಡಿ ಬರುತ್ತದೆ” ಎಂದು ಕುಟುಕಿದಳು. ಹುಲಿಗೆವ್ವ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಅಕ್ಕಾರ, ಅದು ನಮ್ಮ ಶೆಡ್ಡಿಗೂ ಬಂದಿತ್ರಿ” ಎಂದಳು.

ಅವಳು ಮಣಿಪಾಲದಲ್ಲಿ ಕಟ್ಟಡದ ಕೆಲಸದಲ್ಲಿದ್ದಾಗಿನ ಸಂಗತಿ. ಮಳೆಗಾಲದ ಮುಂಚಿನ ಗುಡುಗು. ತಗಡಿನ ಶೆಡ್ಡಿನಲ್ಲಿ ಇವಳು ರೊಟ್ಟಿ ಬಡಿಯುತ್ತಿದ್ದಳಂತೆ, ಮಗು ತೊಡೆಯ ಮೇಲೆ ಮಲಗಿತ್ತಂತೆ, ಗಂಡ ಯಮನೂರ ಎದುರು ಗೋಡೆಗೆ ಒರಗಿ ಕೂತಿದ್ದನಂತೆ. ತಗಡಿನ ಸಂದಿನಿಂದ ಹಳದಿ ಉಂಡೆ ಬಂತು. ಒಲೆಯನ್ನು ದಾಟಿ, ಮಗುವಿನ ತಲೆಯ ಮೇಲಿನಿಂದ ಹಾದು ಯಮನೂರನ ಎದೆಯ ಹತ್ತಿರ ಸಿಡಿಯಿತು. “ನನ್ನ ಮಗಳದೊಂದು ಕೂದಲಾ ಸುಡಲಿಲ್ರಿ” ಎಂದಳು. ಸದ್ದು ಕೇಳಿ ಓಡಿಬಂದವರಿಗೆ ಕಂಡದ್ದು ಸತ್ತ ಗಂಡ, ಒಂದು ಗೀರೂ ಇಲ್ಲದ ಹೆಂಡತಿ. ಉಂಡೆಯನ್ನು ನೋಡಿದವಳು ಇವಳೊಬ್ಬಳೇ. ಊರಿಗೆ ಹೆಣ ಒಯ್ದಾಗ ಅತ್ತೆ ಶರಣಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದೇ ತಪ್ಪಾಯಿತು. “ನಿನ್ನ ಉಡ್ಯಾಗಿಂದ ಎದ್ದ ಬೆಂಕಿ ನನ್ನ ಮಗನ್ನ ತಿಂತು. ಈ ಕೂಸನ್ನಾರ ಉಳಸು” ಎಂದು ಅತ್ತೆ ಮಗುವನ್ನು ಎಳೆದುಕೊಂಡು ಬಾಗಿಲು ಹಾಕಿದಳಂತೆ. ಆಮೇಲೆ ಹಬ್ಬಕ್ಕೆ ಹೋದರೂ ಅಂಗಳದಲ್ಲಿ ನಿಂತು ಮಗಳನ್ನು ನೋಡಿ ಬರುವುದು. ಮಹಾಲಕ್ಷ್ಮಿಯೂ ಅಮ್ಮನ ನೆರಳು ತುಳಿಯದ ಹಾಗೆ ಸರಿದು ನಿಲ್ಲುತ್ತಾಳಂತೆ. ಅಷ್ಟು ಹೇಳಿ ಹುಲಿಗೆವ್ವ ಪುನಃ ನಾರು ಒದ್ದೆ ಮಾಡಿ ಕಟ್ಟಲಿಕ್ಕೆ ಸುರು ಮಾಡಿದಳು. ಬರ್ತಾ ಬಾಯಿ ತನ್ನ ಮುಂದಿನ ಮೊಗ್ಗನ್ನು ಅರ್ಧ ಅವಳ ಕಡೆಗೆ ಸರಿಸಿದಳು. ಅವಳು ಹಾಗೆ ಯಾರಿಗೂ ಮೊಗ್ಗು ಬಿಟ್ಟುಕೊಡುವವಳಲ್ಲ, ನಿಮಗೆ ಗೊತ್ತಲ್ಲ.

ಇನ್ನು ನಾವು ಮಾಡಿದ್ದನ್ನು ಕೇಳಿ, ನಗಬೇಡಿ. ನನ್ನ ಅಮ್ಮ ಗದ್ದೆಯಲ್ಲಿ ನೇಜಿ ನೆಡುವಾಗ ಪಾಡ್ದನ ಹೇಳುತ್ತಿದ್ದರು. ಕೈ ಕೆಸರಿನಲ್ಲಿ, ಬಾಯಿ ದೈವದ ಕಥೆಯಲ್ಲಿ. ಕೆಲಸದ ನಡುವೆ ಹೇಳಿದ ಕಥೆ ಎಂದರೆ ಅದು ಎಲ್ಲೋ ನಡೆದದ್ದೇ ಎಂದು ತಿಳಿದು ಬೆಳೆದವರು ನಾವು. ಪಾಡ್ದನ ಸುಳ್ಳಾಗುವುದುಂಟಾ? ಹಾಗೆಯೇ ನಿಮ್ಮ ಕಾಗದದ ಲಿನ್ ಸಹ ನಮಗೆ ಎಲ್ಲೋ ಇರುವವಳೇ. ಬರ್ತಾ ಬಾಯಿ ಇಗರ್ಜಿಯಲ್ಲಿ ಅವಳಿಗಾಗಿ ಮೇಣದಬತ್ತಿ ಹಚ್ಚಿ ಬಂದಳು. ನಾನು ಸುಗ್ಗಿ ಮಾರಿಪೂಜೆಗೆ ಕಾಪುವಿಗೆ ಹೋದಾಗ ಲಿನ್ ಹೆಸರಿನಲ್ಲಿ ದೇವಿ ಅಮ್ಮನಿಗೆ ಒಂದು ಅಟ್ಟೆ ಮಲ್ಲಿಗೆ, ಇಡೀ ನಾಲ್ಕು ಚೆಂಡು, ಕೊಟ್ಟೆ. ಪೂಜೆಯವರು ಹೆಸರು, ನಕ್ಷತ್ರ ಕೇಳಿದರು. ಹೆಸರು ಲಿನ್, ನಕ್ಷತ್ರ ಗೊತ್ತಿಲ್ಲ, ಚೀನಾದಲ್ಲಿ ಇರುವುದು ಎಂದೆ. “ಮದುವೆಯಾಗಿ ಹೋದದ್ದಾ?” ಎಂದು ಕೇಳಿದರು. ಅಲ್ಲ, ಅಲ್ಲಿಯವಳೇ ಎಂದೆ. ಅವರು ಒಂದು ಸಲ ನನ್ನ ಮುಖ ನೋಡಿ, ಆಗಲಿ ಎಂದು ಪ್ರಾರ್ಥನೆ ಮಾಡಿಕೊಟ್ಟರು. ಒಂದು ಭಾನುವಾರ ಯಮನೂರನ ತಮ್ಮ ಸಿದ್ದಣ್ಣ, ಅವನೂ ಮಣಿಪಾಲದಲ್ಲಿ ಸೆಂಟ್ರಿಂಗ್ ಕೆಲಸದವನು, ಅತ್ತಿಗೆಯನ್ನು ನೋಡಲಿಕ್ಕೆ ಬಂದ. ಬರ್ತಾ ಬಾಯಿ ಅವನನ್ನು ಅಂಗಳದಲ್ಲಿ ಕೂರಿಸಿ, “ಕೇಳು, ನಿನ್ನ ಅಣ್ಣನನ್ನು ಕೊಂದದ್ದು ಯಾರು ಎಂದು ಚೀನಾದವರು ಪತ್ತೆ ಮಾಡುತ್ತಿದ್ದಾರೆ” ಎಂದು ಆ ಅಧ್ಯಾಯವನ್ನು ನನ್ನಿಂದ ಪುನಃ ಓದಿಸಿದಳು. ಅವನು ಟೊಪ್ಪಿಯಿಂದ ಮುಖ ಒರೆಸಿಕೊಂಡ. ಯುಗಾದಿಗೆ ಊರಿಗೆ ಹೋಗುವಾಗ ಆ ಮಾತನ್ನು ತಾಯಿಗೆ ಮುಟ್ಟಿಸುತ್ತೇನೆ ಎಂದ. ಮುಟ್ಟಿಸಿದ ಸಹ. ಚೀನಾದಲ್ಲಿ ನಮ್ಮ ಅತ್ತಿಗೆಯ ಹಾಗೆಯೇ ಒಬ್ಬಳು ಇದ್ದಾಳೆ, ದೊಡ್ಡ ಓದಿದವಳು, ಅವಳ ಮೇಲೂ ಇದೇ ಅಪವಾದ ಬಂದಿತ್ತು ಎಂದು. ಶರಣಮ್ಮ ಮೊಮ್ಮಗಳನ್ನು ಕರೆದುಕೊಂಡು ಬರುತ್ತೇನೆ, ಆ ಕಾಗದ ಕಣ್ಣಾರೆ ನೋಡಬೇಕು ಎಂದಳೆಂದು ಫೋನು ಬಂತು. ಹುಲಿಗೆವ್ವ ಆ ದಿನ ಕಟ್ಟಿದ ಚೆಂಡು ಒಂದಕ್ಕಿಂತ ಒಂದು ದುಂಡಗೆ.

ಅವರು ಭಾನುವಾರ ಬರುವುದೆಂದಾಗಿತ್ತು. ಶುಕ್ರವಾರ ಬಿಸು, ಕಾರ್ಕಳದಿಂದ ಭವ್ಯಶ್ರೀ ಬಂದಳು. ಪಾಠ ಮಾಡುವ ಶಾಲೆಗೆ ರಜೆ, ನಾಲ್ಕು ದಿನ ಇರುತ್ತೇನೆ ಎಂದಳು. ಪಾಯಸ ಉಂಡು ನಿಮ್ಮ ಪತ್ರಗಳ ಕಟ್ಟು ಬಿಚ್ಚಿ ಕೂತಳು. ನಾನು ಲಿನ್ ಹೆಸರಿನ ಪ್ರಾರ್ಥನೆಯ ಸಂಗತಿ ಹೇಳಿದ್ದೇ ತಡ, ಕಣ್ಣಿನಲ್ಲಿ ನೀರು ಬರುವ ಹಾಗೆ ನಕ್ಕಳು. “ಅಮ್ಮಾ, ಇದು ಕಾದಂಬರಿ! ಲಿನ್ ಅಂತ ಯಾರೂ ಇಲ್ಲ. ಆ ಬೆಟ್ಟವೂ ಇಲ್ಲ. ಯಾರೋ ಕೂತು ಬರೆದದ್ದು!” ನನಗೆ ನಗು ಬರಲಿಲ್ಲ. ಹಾಗಾದರೆ ಆ ಉಂಡೆ ಎಂದು ಕೇಳಿದೆ. ಅವಳು ನಗು ನಿಲ್ಲಿಸಿದಳು. “ಉಂಡೆ ಉಂಟು. ಉಂಡೆ ಮಿಂಚು ಅಂತ ಹೇಳುತ್ತಾರೆ. ಎಷ್ಟೋ ದೇಶಗಳಲ್ಲಿ ಜನ ನೋಡಿದ್ದಾರೆ. ಆದರೆ ಅದು ಹೇಗೆ ಹುಟ್ಟುತ್ತದೆ, ಯಾಕೆ ಒಬ್ಬರನ್ನು ಮುಟ್ಟುತ್ತದೆ, ಒಬ್ಬರನ್ನು ಬಿಡುತ್ತದೆ, ಈವರೆಗೆ ಯಾರಿಗೂ ಸರಿಯಾಗಿ ಗೊತ್ತಿಲ್ಲಮ್ಮ” ಎಂದಳು. ನಿಮ್ಮ ಮೇಲೆ ನನಗೆ ಬೇಸರವಿಲ್ಲ. ಪುಸ್ತಕ ಎಂದೇ ನೀವು ಬರೆದಿದ್ದೀರಿ. ಅದನ್ನು ಪಾಡ್ದನ ಮಾಡಿಕೊಂಡದ್ದು ನಾವು. ಆದರೆ ಇಲ್ಲದ ಹೆಂಗಸಿನ ಸಾಕ್ಷಿಯನ್ನು ನಂಬಿ ಒಬ್ಬ ಮುದುಕಿ ಮಗುವನ್ನು ಕರೆದುಕೊಂಡು ಬಸ್ಸು ಹತ್ತುವವಳಿದ್ದಾಳಲ್ಲ!

ಬರ್ತಾ ಬಾಯಿಗೆ ಹೇಳಿದೆ. “ಹೇಳಲೇಬೇಡ. ಮಗು ಬರುತ್ತದಲ್ಲ, ಅಷ್ಟು ಸಾಕು. ಲಿನ್ ಇಲ್ಲದಿದ್ದರೆ ನನ್ನ ಮೇಣದಬತ್ತಿ ಇನ್ನು ಯಾರಿಗಾದರೂ ಆಯಿತು, ದೇವರು ವಾಪಸು ಕೊಡುತ್ತಾನಾ?” ಎಂದಳು. ಅವಳ ಮಾತಿನಲ್ಲಿ ತಪ್ಪು ಕಾಣಲಿಲ್ಲ, ಆದರೂ ಸಮಾಧಾನವಾಗಲಿಲ್ಲ. ಮರುದಿನ ಕಾಪುವಿಗೆ ಹೋಗಿ ಅಮ್ಮನ ಮುಂದೆ ನಿಂತೆ. ಸುಳ್ಳು ಹೇಳಲಿಕ್ಕೆ ಅಪ್ಪಣೆ ಕೊಡು ಎಂದು ದೇವರ ಹತ್ತಿರ ಕೇಳುವುದು ಹೇಗೆ? ಸುಮ್ಮನೆ ಕೈಮುಗಿದು ಬಂದು ಹುಲಿಗೆವ್ವನನ್ನು ಬಾವಿಕಟ್ಟೆಯ ಹತ್ತಿರ ಕರೆದು ಇದ್ದದ್ದು ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಕೊಡಪಾನ ಕೆಳಗಿಟ್ಟಳು. “ಹೇಳಾಕ ಬೇಕ್ರಿ ಅಕ್ಕಾರ. ಸುಳ್ಳಿನ ಮ್ಯಾಲೆ ಮಗಳನ್ನ ಇಸಗೊಂಡ್ರ, ಗೊತ್ತಾದ ದಿನ ಮತ್ತ ಕಸಗೊಂಡು ಹೊಕ್ಕಾಳ. ಆವಾಗ ನಾ ಖರೇನ ಮಾಟಗಾತಿ ಆಗ್ತೀನಿ” ಎಂದಳು. ಅವಳಿಗೆ ನಾನು ಧೈರ್ಯ ಹೇಳಬೇಕೆಂದು ಹೋದದ್ದು.

ಭಾನುವಾರ ಬೆಳಿಗ್ಗೆ ಸಿದ್ದಣ್ಣ ಅವರನ್ನು ಕರೆದುಕೊಂಡು ಬಂದ. ಶರಣಮ್ಮ ಎತ್ತರದ ಮುದುಕಿ, ಬಸ್ಸಿನಲ್ಲಿ ಕೂತು ಬಂದರೂ ಬೆನ್ನು ನೆಟ್ಟಗೆ. ಮಹಾಲಕ್ಷ್ಮಿ ಅಜ್ಜಿಯ ಸೆರಗಿನ ಹಿಂದೆ. ಬೆಲ್ಲ, ನೀರು ತಂದಿಟ್ಟೆ, ಮುಟ್ಟಲಿಲ್ಲ. “ಆ ಹೆಣ್ಮಗಳ ಕಾಗದ ತೋರಸ್ರಿ” ಎಂದಳು. ನಾನು ಬಾಯಿ ತೆರೆಯುವ ಮುಂಚೆ ಹುಲಿಗೆವ್ವ ಅಂಗಳದಿಂದಲೇ, “ಅತ್ತೀ, ಆ ಹೆಣ್ಮಗಳು ಇಲ್ಲ. ಅದು ಕಥಿ. ನಮಗೂ ಮೊನ್ನೆ ಗೊತ್ತಾತು” ಎಂದಳು. ಸಿದ್ದಣ್ಣನ ಮುಖ ಕಪ್ಪಾಯಿತು. “ಕಥಿ ಕೇಳಾಕ ಇಷ್ಟು ದೂರ ಕರಸೀರೇನು ನನ್ನ? ನಮ್ಮೂರಾಗ ಕಥಿ ಇರಲಿಲ್ಲೇನು?” ಎಂದು ಮುದುಕಿ ಎದ್ದು ಮಗುವಿನ ಕೈ ಹಿಡಿದಳು. ಆಗ ನಮ್ಮ ಮಗಳು ಅಡ್ಡ ಬಂದು, ಅಜ್ಜಿ, ಕಥೆ ಕಟ್ಟಿದ್ದು, ಆದರೆ ಉಂಡೆ ನಿಜ ಎಂದು ನನಗೆ ಹೇಳಿದ್ದನ್ನೇ ಪುನಃ ಹೇಳಿದಳು. ಅದು ಯಾಕೆ ಹಾಗೆ ಮಾಡುತ್ತದೆ ಎಂದು ಇನ್ನೂ ಯಾರಿಗೂ ಗೊತ್ತಿಲ್ಲ ಎಂದಾಗ ಶರಣಮ್ಮ ನಿಂತಳು.

“ಯಾರಿಗೂ ಗೊತ್ತಿಲ್ಲ? ಓದಿದವ್ರಿಗೂ?”

ಇಲ್ಲ ಎಂದಳು ಭವ್ಯಶ್ರೀ.

“ಹೊರದೇಶದವ್ರಿಗೂ?”

ಅವರಿಗೂ ಇಲ್ಲ.

ಮುದುಕಿ ಕಂಬ ಹಿಡಿದು ಮೆಲ್ಲನೆ ಕೂತಳು. ನಮಗಲ್ಲ, ತನಗೇ ಎಂಬಂತೆ, “ಮತ್ತ ನನಗ ಹೆಂಗ ಗೊತ್ತಾತು, ಈಕೀನ ಮಾಡಿದ್ದಂತ?” ಎಂದಳು. ಕ್ಷಮಿಸು ಗಿಮಿಸು ಎಂದು ಮುದುಕಿ ಹೇಳಲಿಲ್ಲ. ಗಡುಸು ದನಿಯಲ್ಲಿ, “ಹುಲಿಗೀ, ನೀರು ತಾ” ಎಂದಳು. ಹುಲಿಗೆವ್ವ ಜಗಲಿ ಹತ್ತಿ ಬಂದು ಚೊಂಬು ಕೊಟ್ಟಳು. ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡು, “ಓದ್ರಿ ಆ ಕಥಿ, ಮೊದಲಿಂದ” ಎಂದು ನನಗೆ ಅಪ್ಪಣೆ ಮಾಡಿದಳು.

ಆವತ್ತಿನಿಂದ ಓದುತ್ತಿದ್ದೇನೆ. ನೀವು ಅವಳ ಮಾತು ಕೇಳಬೇಕಿತ್ತು. “ಆ ಲಿನ್‌ಗ ಅತ್ತಿ ಇರಲಿಲ್ಲೇನು? ಚಲೋ ಆತು ಬಿಡ್ರಿ” ಎನ್ನುತ್ತಾಳೆ. ಬರ್ತಾ ಬಾಯಿ, ಲಿನ್ ಎನ್ನುವವಳೇ ಇಲ್ಲವಲ್ಲ ಅಜ್ಜಿ ಎಂದರೆ, “ಇಲ್ಲಂದ್ರೇನಾತು? ಆಕೀ ತ್ರಾಸು ಐತೆಲ್ಲ” ಎನ್ನುತ್ತಾಳೆ. ಹೂ ಕಟ್ಟಲಿಕ್ಕೆ ಕೂತು ಮೊಗ್ಗಿನ ಕತ್ತು ಮುರಿಯುತ್ತಾಳೆ, ಹೇಳಿದರೆ ಕೇಳುವುದಿಲ್ಲ. ಮಹಾಲಕ್ಷ್ಮಿ ಮೊದಲ ದಿನ ಅಮ್ಮನಿಂದ ದೂರ ಕೂತಿದ್ದಳು. ಮಂಗಳವಾರ ನೋಡಿದರೆ ನಾರಿನ ಒಂದು ತುದಿ ಅವಳ ಬೆರಳಿನಲ್ಲಿ, ಇನ್ನೊಂದು ತುದಿ ಹುಲಿಗೆವ್ವನ ಕೈಯಲ್ಲಿ. ಆದರೆ ಮುದುಕಿ ಮೊದಲ ದಿನವೇ ಮಾತು ಖಂಡಿತ ಮಾಡಿದ್ದಾಳೆ: “ಕಥಿ ಮುಗಿಯೋತನಕ ಇರ್ತೀವಿ. ಆಮ್ಯಾಲೆ ನಾನು ನನ್ನ ಮೊಮ್ಮಗಳು ನಮ್ಮೂರಿಗೆ.” ನಾನು ಪುಟ ತಿರುವುವಾಗಲೆಲ್ಲ ಹುಲಿಗೆವ್ವ ನನ್ನ ಕೈಯನ್ನು ನೋಡುತ್ತಾಳೆ. ಉಳಿದ ಹಾಳೆ ಎಷ್ಟಿದೆ ಎಂದು ನೋಡುವುದು, ನನಗೆ ಗೊತ್ತಾಗುತ್ತದೆ. ನಿಮ್ಮ ಕೊನೆಯ ಪತ್ರ ಇವತ್ತು ಮುಗಿಯಿತು. ಲಿನ್ ಮುದುಕಿಯಾಗಿ ಪುನಃ ಬೆಟ್ಟ ಹತ್ತುತ್ತಿದ್ದಾಳೆ, ಮೋಡ ಕಟ್ಟಿದೆ. ಮುಂದೆ ಇನ್ನೆಷ್ಟು ಉಂಟು? ಬೇಗ ಕಳುಹಿಸಿ ಎನ್ನಲಾ, ಕಳುಹಿಸಬೇಡಿ ಎನ್ನಲಾ, ನನಗೇ ತಿಳಿಯುವುದಿಲ್ಲ. ನಿಮ್ಮಿಂದ ಆದ ಹಾಗೆ ಬರೆಯಿರಿ. ಇಲ್ಲದ್ದನ್ನು ಮಾತ್ರ ಸೇರಿಸಬೇಡಿ.

ಆ ಪುಸ್ತಕ ಬರೆದವರು ಯಾರೋ, ಅವರಿಗೆ ನಮ್ಮ ಶಂಕರಪುರ ಗೊತ್ತಿಲ್ಲ, ತಗಡಿನ ಶೆಡ್ಡು ಗೊತ್ತಿಲ್ಲ. ಆದರೂ ಅವರು ಬರೆದದ್ದನ್ನು ಒಬ್ಬ ಹುಡುಗಿ ಗಲ್ಲಾದಲ್ಲಿ ಕೂತು ಓದಿ, ನೀವು ಕೇಳಿ, ಇಲ್ಲಿಗೆ ಬಂತು. ನಾನು ನಡುಮನೆಯ ದೀಪ ಹಚ್ಚುವಾಗ ಅವರೆಲ್ಲರನ್ನೂ ನೆನೆಯುತ್ತೇನೆ. ಷಾವ್‌ಗೆ ನಮ್ಮೆಲ್ಲರ ಆಶೀರ್ವಾದ ಹೇಳಿ. ಬರುವವರ ಕೈಯಲ್ಲಿ ಹಲಸಿನ ಹಪ್ಪಳ ಕಳುಹಿಸುತ್ತೇನೆ, ಅವಳಿಗೆ ಕಾಯಿಸಿ ಕೊಡಿ, ನೀವೊಬ್ಬರೇ ತಿನ್ನಬೇಡಿ. ಮೊಣಕಾಲಿಗೆ ಎಣ್ಣೆ ಮರೆಯಬೇಡಿ. ಭವ್ಯಶ್ರೀ ನಿನ್ನೆ ಕಾರ್ಕಳಕ್ಕೆ ಹೋದಳು, ನಿಮಗೆ ನಮಸ್ಕಾರ ಹೇಳಿದ್ದಾಳೆ. ಬರ್ತಾ ಬಾಯಿಯದೂ ಉಂಟು. ಕಾಪುವಿನ ಅಮ್ಮ ಆ ದೂರದ ಊರಿನಲ್ಲಿ ನಿಮ್ಮನ್ನು ಕಣ್ಣಿಟ್ಟು ಕಾಯಲಿ.

ನಿಮ್ಮ ದಾರಿ ನೋಡುತ್ತಿರುವ
ಸುಗಂಧಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಶರಣಮ್ಮ ಬಂದು ಪಕ್ಕದಲ್ಲಿ ಕೂತಳು. ಯಜಮಾನರಿಗಾ ಎಂದು ಕೇಳಿದಳು. ಹೌದು, ಕಥೆ ಎಷ್ಟು ಉಳಿದಿದೆ ಎಂದು ಕೇಳಿದ್ದೇನೆ ಎಂದೆ. ಹುಲಿಗೆವ್ವ ಮತ್ತು ಮಗು ಬಾವಿಯ ಹತ್ತಿರ ಇದ್ದರು. ಆ ಕಡೆ ನೋಡಿಕೊಂಡೇ ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ, ಪೋಸ್ಟಿನ ಹೊತ್ತಾಯಿತು: “ಅವ್ರಿಗೆ ಗಡಿಬಿಡಿ ಇಲ್ಲ ಅಂತ ಬರೀರಿ. ದಣದಿರ್ತಾರ, ಸಾವಕಾಶ ಬರೀಲಿ. ಜೂನಿನ್ಯಾಗ ಈ ಹುಡುಗೀನ ಇಲ್ಲೇ ಸಾಲಿಗೆ ಹಾಕೋಣು. ಆ ಕಥಿ ಮುಗಿದ್ರ ಆ ಗಲ್ಲಾದ ಹುಡುಗೀ ಹತ್ರ ಇನ್ನೊಂದು ಪುಸ್ತಕ ಐತೇನಂತ ಕೇಳ್ರಿ.”